ನೀರಬಾಗಿಲ ಕೂಸು

ಅಕ್ಕಿಹೆಬ್ಬಾಳಿನ ರೈಲು ನಿಲ್ದಾಣದಲ್ಲಿ ಮಳೆಗೆ ಸಿಕ್ಕಿಹಾಕಿಕೊಂಡವರಿಗೆ ಹೋಗಲು ಬೇರೆ ಜಾಗವಿಲ್ಲ. ಟಿಕೆಟ್ ಕೊಡುವ ಕೋಣೆಯ ಮುಂದೆ ಒಂದಿಷ್ಟು ಸೂರು, ಅದರ ಕೆಳಗೆ ಎರಡು ಕಲ್ಲುಬೆಂಚು. ಅಷ್ಟೇ. ಅವತ್ತು ಸಂಜೆ ಹೇಮಾವತಿಯ ಕಡೆಯಿಂದ ಎದ್ದ ಮಳೆ ಬಯಲನ್ನೆಲ್ಲ ಒಂದೇ ಬಣ್ಣ ಮಾಡಿಬಿಟ್ಟಿತ್ತು. ಮೈಸೂರಿನಿಂದ ಹಾಸನದ ಕಡೆಗೆ ಹೋಗುವ ರೈಲು ತಡ ಎಂದರು. ಕರೆಂಟೂ ಹೋಯಿತು. ನಾನು, ನನ್ನ ಹೆಂಡತಿ ಸಹನ, ಕೋಳಿಬುಟ್ಟಿ ಇಟ್ಟುಕೊಂಡಿದ್ದ ಕುಳ್ಳಯ್ಯ ಎಂಬ ರೈತ, ಮೂಲೆಯಲ್ಲಿ ಕೊಡೆ ಮಡಚಿಟ್ಟು ಕೂತಿದ್ದ ಒಬ್ಬ ಮುದುಕರು. ನಾವು ನಾಲ್ವರೇ ಇದ್ದದ್ದು.

ಸಹನ ಫೋನಿನಲ್ಲಿ ತನ್ನ ಅಕ್ಕನ ಜೊತೆ ಭಾನುವಾರದ ಪ್ರವಾಸದ ಮಾತಾಡುತ್ತಿದ್ದಳು. ಶ್ರೀರಂಗಪಟ್ಟಣ, ಒಂದೇ ದಿನ, ಜೊತೆಗೆ ಗೈಡು. ಕೋಟೆ, ದರಿಯಾ ದೌಲತ್, ಗುಂಬಜ್, ಬಂದೀಖಾನೆ, ಕೊನೆಗೆ ರಂಗನಾಥನ ದರ್ಶನ. ಅವಳು ಫೋನ್ ಇಟ್ಟ ಮೇಲೆ ಮುದುಕರು ಕೇಳಿದರು, "ಪಟ್ಣಕ್ಕಾ ಮಗಾ?"

"ಹೂಂ ತಾತ. ನೀವು ನೋಡಿದ್ದೀರಾ?"

"ನೋಡಿದೀನಿ," ಎಂದರು. ಆಮೇಲೆ ಹಳಿಯ ಕಡೆಗೆ ತಿರುಗಿಕೊಂಡರು.

ಕುಳ್ಳಯ್ಯ ನನ್ನ ಕಿವಿಯ ಹತ್ತಿರ ಬಗ್ಗಿ, "ರಂಗಸ್ವಾಮಿ ಮೇಷ್ಟ್ರು ಸ್ವಾಮಿ. ನಮ್ಗೆಲ್ಲ ಅಕ್ಷರ ಕಲ್ಸಿದೋರು. ಇವರ ತಂಗೀನೇ ಅಲ್ಲಿ..." ಎಂದು ನಾಲಿಗೆ ಕಚ್ಚಿಕೊಂಡ. ಮುದುಕರಿಗೆ ಅದು ಕೇಳಿಸಿತು. ಅವರು ಬೆಂಚಿನ ಮೇಲೆ ನಮ್ಮ ಕಡೆಗೆ ತಿರುಗಿ ಕೂತರು. ಪಾಠ ಹೇಳಿ ಹೇಳಿ ಪುಸ್ತಕದ ಕನ್ನಡ ಅವರ ನಾಲಿಗೆಗೆ ಅಂಟಿಬಿಟ್ಟಿತ್ತು. ಬೇರೆಯವರ ಮಾತನ್ನು ಹೇಳುವಾಗ ಮಾತ್ರ ಊರ ಮಾತು ಬರುತ್ತಿತ್ತು.

"ಕೇಳಿ ಹಾಗಾದರೆ. ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಕೇಳಿಕೊಂಡು ಹೋಗಿ.

"ನನ್ನ ತಂಗಿ ಪ್ರಮೀಳಾ. ನನಗಿಂತ ತುಂಬ ಚಿಕ್ಕವಳು, ನಾನೇ ಎತ್ತಿ ಆಡಿಸಿದವಳು. ಇದೇ ಊರಿಗೆ ಕೊಟ್ಟಿದ್ದೆವು. ಗಂಡ ರವೀಂದ್ರ, ಒಳ್ಳೆಯ ಬೇಸಾಯಗಾರ. ಮಗಳನ್ನು ನಾಗಮಂಗಲಕ್ಕೆ ಕೊಟ್ಟು ಮದುವೆಯೂ ಮಾಡಿದ್ದರು. ಪ್ರಮೀಳಾಗೆ ಒಂದು ಗುಣ... ಯಾರು ಏನು ಕೇಳಿದರೂ ಇಲ್ಲ ಅನ್ನಲು ಬಾಯಿ ಬರುತ್ತಿರಲಿಲ್ಲ. ಬಸ್ಸಿನಲ್ಲಿ ನಿಂತವರ ಚೀಲವೆಲ್ಲ ಅವಳ ತೊಡೆಯ ಮೇಲೆ. ಮದುವೆಮನೆಯಲ್ಲಿ ಅಳುವ ಕೂಸೆಲ್ಲ ಅವಳ ಹೆಗಲಿನ ಮೇಲೆ. ಇದು ತಪ್ಪಾ ಹೇಳಿ? ಇಂಥವರು ಇರುವುದರಿಂದಲೇ ತಾನೇ ಮಳೆ ಬೆಳೆ ಆಗುವುದು?

"ಹೋದ ವರ್ಷ ಶ್ರಾವಣದಲ್ಲಿ ನಮ್ಮ ಹಾಲಿನ ಡೈರಿಯವರೆಲ್ಲ ಸೇರಿ ಒಂದು ದಿನದ ಪ್ರವಾಸ ಹೊರಟೆವು. ರವೀಂದ್ರ ಬರಲಿಲ್ಲ, ಹಸು ಈಯುವುದರಲ್ಲಿತ್ತು. ಮಿನಿ ಬಸ್ಸು. ಹಿಂದಿನ ಸೀಟಿನಲ್ಲಿ ಚಿತ್ರಾನ್ನದ ಪಾತ್ರೆ. ಪಟ್ಟಣದಲ್ಲಿ ಶಿವಣ್ಣ ಅಂತ ಒಬ್ಬ ಗೈಡು ಹತ್ತಿಕೊಂಡ. ತಲೆಗೆ ಟೋಪಿ, ಕೈಯಲ್ಲಿ ಪುಟ್ಟ ಮೈಕು, ಒಳ್ಳೆ ಮಾತುಗಾರ. ದರಿಯಾ ದೌಲತ್ತಿನ ಗೋಡೆಯ ಮೇಲೆ ಬರೆದಿರುವ ಯುದ್ಧದ ಚಿತ್ರದ ಮುಂದೆ ನಿಂತು ಅವನು ಆನೆ ಕುದುರೆ ಫಿರಂಗಿಗಳಿಗೆಲ್ಲ ಬಾಯಲ್ಲೇ ಸದ್ದು ಕೊಟ್ಟಾಗ ನಮ್ಮ ಹೆಂಗಸರು ನಕ್ಕು ನಕ್ಕು ಸುಸ್ತಾದರು. ಗುಂಬಜ್ ನೋಡಿದೆವು. ಸಂಗಮದಲ್ಲಿ ಊಟ ಮಾಡಿದೆವು. ಕನ್ನಂಬಾಡಿ ಕಟ್ಟೆ ತುಂಬಿ ನೀರು ಬಿಟ್ಟಿದ್ದರು. ಹೊಳೆ ಕೆಂಪಗೆ, ಮೈತುಂಬಿ ಹೋಗುತ್ತಿತ್ತು. 'ನೀರಿನ ಅತ್ರ ಯಾರೂ ಓಗ್ಬೇಡಿ' ಅಂತ ಶಿವಣ್ಣ ಮೈಕಿನಲ್ಲಿ ಹೇಳುತ್ತಲೇ ಇದ್ದ.

"ಮಧ್ಯಾಹ್ನದ ಮೇಲೆ ಕೋಟೆಗೆ ಬಂದೆವು. ಗೋಡೆ ಒಡೆದು ಇಂಗ್ಲಿಷರು ಒಳಗೆ ನುಗ್ಗಿದ ಜಾಗ ತೋರಿಸಿದ. ಆಗ ಅವನ ದನಿ ಸ್ವಲ್ಪ ತಗ್ಗಿತು. 'ರಾಜ್ರು, ಸಿಪಾಯಿಗ್ಳು ಸತ್ತಿದ್ನ ಎಲ್ರೂ ಬರ್ದವ್ರೆ. ಇದ್ರೊಳ್ಗೆ ಸಂಸಾರ ಮಾಡ್ಕಂಡಿದ್ ಜನ ಏನಾದ್ರು ಅಂತ ಯಾರೂ ಕೇಳಕಿಲ್ಲ' ಅಂದ. ನಾನು ಮೇಷ್ಟ್ರಾಗಿ ಎಷ್ಟೋ ವರ್ಷ ಆ ಪಾಠ ಮಾಡಿದ್ದೆ. ಆದರೂ ಆ ಮಾತು ಎದೆಗೆ ತಾಗಿತು.

"ಆಮೇಲೆ ಬಂದೀಖಾನೆ. ಮೆಟ್ಟಿಲು ಇಳಿದು ಹೋಗಬೇಕು. ಸುಣ್ಣ ಬಳಿದ ಕಮಾನು, ಗೋಡೆಯಲ್ಲಿ ಕೈದಿಗಳ ಕೈ ಕಟ್ಟುತ್ತಿದ್ದ ಕಲ್ಲುಗಳು, ನೆಲದ ಮೇಲೆ ಬಿದ್ದಿರುವ ಒಂದು ಫಿರಂಗಿ. ಹೊರಗೆ ಬಿಸಿಲು, ಒಳಗೆ ತಣ್ಣಗೆ... ನಮ್ಮವರೆಲ್ಲ ಫಿರಂಗಿಯ ಹತ್ತಿರ ಫೋಟೋ ತೆಗೆಸಿಕೊಂಡು ಮೇಲೆ ಹತ್ತಿಹೋದರು. ಪ್ರಮೀಳಾಗೆ ಮಂಡಿನೋವು, ನಿಧಾನ. ಅವಳ ಜೊತೆಗೆ ನಾನು ಉಳಿದೆ. ಆಗಲೇ ನೋಡಿದ್ದು. ಗೋಡೆಯ ಪಕ್ಕ ಒಬ್ಬ ಹೆಂಗಸು ನಿಂತಿದ್ದಳು, ಎದೆಗೆ ಒಂದು ಕೂಸನ್ನು ಒತ್ತಿಕೊಂಡು. ಒರಟು ಸೀರೆ, ಅಂಚು ಒದ್ದೆ. ನಮ್ಮ ಹಾಗೆಯೇ ಯಾವುದೋ ಊರಿಂದ ನೋಡಲು ಬಂದವಳು ಅಂದುಕೊಂಡೆ. ಬೇರೆ ಏನು ಅಂದುಕೊಳ್ಳಲಿ, ಹಾಡುಹಗಲು?

"ಅವಳು ಪ್ರಮೀಳಾಳ ಹತ್ತಿರ ಬಂದಳು. 'ಅಕ್ಕಾ, ಒಸಿ ಇಡ್ಕಳಕ್ಕಾ... ನೀರ್ ಕುಡ್ದು ಬಂದ್ಬುಡ್ತೀನಿ' ಅಂದಳು. ತುಟಿ ಒಣಗಿ ಬಿರುಕುಬಿಟ್ಟಿತ್ತು. ಪ್ರಮೀಳಾ ತನ್ನ ಕೈಚೀಲ ನನ್ನ ಹೆಗಲಿಗೆ ಹಾಕಿ ಎರಡೂ ಕೈ ಚಾಚಿ ಕೂಸನ್ನು ತೆಗೆದುಕೊಂಡಳು. ನೀವು ತೆಗೆದುಕೊಳ್ಳುತ್ತಿರಲಿಲ್ಲವಾ?

"ನಾನು ಬಗ್ಗಿ ನೋಡಿದೆ. ಕೆನ್ನೆಯ ಮೇಲೆ ದೃಷ್ಟಿಬೊಟ್ಟು. ಕಣ್ಣು ಬಿಟ್ಟುಕೊಂಡಿತ್ತು, ಅಳು ಇಲ್ಲ, ನಗುವೂ ಇಲ್ಲ. ಆದರೆ ಎಳೆಗೂಸಿನ ಮೈಯಲ್ಲಿ ಹಾಲಿನ ವಾಸನೆ ಇರಬೇಕು ತಾನೇ? ಈ ಕೂಸಿನ ಮೈಯಲ್ಲಿ ಇದ್ದದ್ದು ಮದ್ದಿನ ವಾಸನೆ. ಪಟಾಕಿ ಹೊಡೆದ ಮಾರನೇ ದಿನ ಬೀದಿಯಲ್ಲಿ ಇರುತ್ತದಲ್ಲ... ಅದು.

"ತಾಯಿ ಮೆಟ್ಟಿಲು ಹತ್ತಿ ಹೋದಳು. ಕಾದೆವು. ಬರಲಿಲ್ಲ. ಇನ್ನೂ ಕಾದೆವು. ನಮ್ಮನ್ನು ಹುಡುಕಿಕೊಂಡು ಶಿವಣ್ಣ ಕೆಳಗೆ ಇಳಿದು ಬಂದ. ಪ್ರಮೀಳಾಳ ಕೈಯಲ್ಲಿ ಇದ್ದದ್ದನ್ನು ನೋಡಿದ. ಅವನ ಮೈಕು ಕೈಯಿಂದ ಜಾರಿ ಕಲ್ಲಿನ ಮೇಲೆ ಬಿತ್ತು. ಎತ್ತಿಕೊಳ್ಳಲಿಲ್ಲ.

"'ಅವ್ವಾ, ಅದ್ನ ಯಾರ್ ಕೊಟ್ರು?'

"'ಅದ್ರವ್ವ ಕೊಟ್ಲು. ನೀರ್ ಕುಡ್ಯಕ್ಕೋಗವ್ಳೆ.'

"ಶಿವಣ್ಣ ಎರಡೂ ಕೈ ಮುಗಿದ. 'ನಿಮ್ ದಮ್ಮಯ್ಯ ಅಂತೀನಿ, ಅದ್ನ ಇಲ್ಲೇ ಮಡಗ್ಬುಟ್ಟು ಬಂದ್ಬುಡ್ರವ್ವ. ತಿರ್ಗಿ ನೋಡ್ಬೇಡಿ. ನಮ್ಮಪ್ಪನೂ ಇದೇ ಗೈಡ್ ಕೆಲ್ಸದಲ್ಲಿದ್ದ. ಅವ್ನು ಸಾಯೋವಾಗ ಏಳಿದ್ದ, ಬಂದೀಖಾನೇಲಿ ಯಾರಾರ ಕೂಸ್ ಕೊಟ್ರೆ ಕೈ ಚಾಚ್ಬೇಡ ಅಂತ. ನಾನು ಕತೆ ಅಂದ್ಕಂಡಿದ್ದೆ...'

"ಪ್ರಮೀಳಾ ಸಿಡಿದುಬಿದ್ದಳು. 'ಥೂ! ಎದೆಹಾಲ್ ಕುಡ್ಯೋ ಕೂಸ್ನ ಕಲ್ ಮ್ಯಾಲೆ ಮಡಗ್ಬುಟ್ ಓಗು ಅಂತೀಯಲ್ಲ, ನೀನೇನ್ ಮನ್ಸನಾ? ದೆವ್ವಾನೇ ಆಗ್ಲಿ, ಕೂಸು ಕೂಸೇ ಕಣಯ್ಯ!' ಹಾಗಂದವಳೇ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ತಾಯಿಯನ್ನು ಹುಡುಕಲು ಹೊರಟೇಬಿಟ್ಟಳು. ಮಂಡಿನೋವು ಎಲ್ಲಿ ಹೋಯಿತೋ! ನಾನೂ ಶಿವಣ್ಣನೂ ಹಿಂದೆ ಓಡಿದೆವು.

"ಕೋಟೆಗೋಡೆಯಲ್ಲಿ ಹೊಳೆಗೆ ಇಳಿಯುವ ಒಂದು ಬಾಗಿಲಿದೆ. ವಾಟರ್ ಗೇಟು ಅನ್ನುತ್ತಾರೆ, ನೀರಬಾಗಿಲು. ಅದರೊಳಗೆ ಹೊಕ್ಕಳು. ನಾವು ಆ ಕತ್ತಲೆ ದಾಟಿ ಆಚೆಗೆ ಬರುವಷ್ಟರಲ್ಲಿ ಅವಳು ನೀರಿನ ಅಂಚಿನಲ್ಲಿ ನಿಂತಿದ್ದಳು. 'ಅಣ್ಣಾ, ಕೈ ಸೋಲ್ತಾ ಅದೆ' ಅಂದಳು. 'ಕೂಸು ಭಾರ ಆಯ್ತಾ ಅದೆ ಅಣ್ಣಾ.' ಕೆಳಗೆ ಇಳಿಸು ಅಂತ ಕೂಗಿದೆ. ಇಳಿಸಲು ನೋಡಿದಳು. ಕೈ ಬಿಡಿಸಿಕೊಳ್ಳಲು ಆಗಲಿಲ್ಲ.

"ಆಗ ಕೂಸು ಬಾಯಿ ತೆರೆಯಿತು.

"ಹೇಗೆ ಹೇಳಲಿ... ಕೂಸು ಅತ್ತರೆ ಒಂದು ದನಿ ಬರಬೇಕು. ಅದರ ಬಾಯಿಂದ ಒಂದು ಊರೇ ಕೂಗಿತು. ಗಂಡಸರ ಕೂಗು, ಹೆಂಗಸರ ಕೂಗು, ಹೆಸರು ಹಿಡಿದು ಕರೆಯುವವರು, ಬಾಗಿಲು ತೆಗೀರಿ ಅನ್ನುವವರು, ಬೆಂಕಿಗೆ ಸಿಕ್ಕ ದನಗಳ ಅರಚಾಟ... ಎಲ್ಲವೂ ಆ ಬೊಚ್ಚುಬಾಯಿಂದ. ಶಿವಣ್ಣ ಕಿವಿ ಮುಚ್ಚಿಕೊಂಡು ಮಂಡಿಯೂರಿದ. ಬಸ್ಸಿನ ಹತ್ತಿರ ನಿಂತಿದ್ದ ನಮ್ಮವರಿಗೂ ಅದು ಕೇಳಿಸಿತು. ಯಾವ ಮೆರವಣಿಗೆಯಪ್ಪಾ ಅಂದುಕೊಂಡರಂತೆ.

"ಆ ಕೂಗಿನ ನಡುವೆ ಪ್ರಮೀಳಾ ಹೊಳೆಯ ಕಡೆಗೆ ನೋಡಿ, 'ಅಗೋ, ಅಲ್ಲವ್ಳೆ!' ಅಂದಳು. ನಾನೂ ನೋಡಿದೆ. ಆ ಹೆಂಗಸು... ತುಂಬಿದ ಹೊಳೆಯ ಮೇಲೆ, ರಸ್ತೆಯಲ್ಲಿ ನಡೆದು ಹೋಗುವ ಹಾಗೆ ಆಚೆ ದಡಕ್ಕೆ ಹೋಗುತ್ತಿದ್ದಳು. ತಲೆಯ ಮೇಲಿನ ಹೊರೆ ಇಳಿಸಿದವರು ಕೈ ಬೀಸಿಕೊಂಡು ಹೋಗುವುದಿಲ್ಲವೇ, ಹಾಗೆ. ಒಂದು ಸಲವೂ ತಿರುಗಿ ನೋಡಲಿಲ್ಲ. 'ಅವ್ವಾ, ನಿನ್ ಕೂಸು ಕಣವ್ವಾ! ನಿನ್ ಕೂಸ ಬುಟ್ಬುಟ್ಟು ಓಯ್ತಾ ಇದ್ದೀಯಲ್ಲಾ!' ಅಂತ ಕೂಗುತ್ತಾ ನನ್ನ ತಂಗಿ ನೀರಿಗೆ ಇಳಿದಳು. ನಾನು ಅವಳ ತೋಳು ಹಿಡಿದೆ. ಆ ತೋಳು ಕಲ್ಲಿನ ಹಾಗೆ ತಣ್ಣಗಿತ್ತು. ಹಿಡಿತಕ್ಕೆ ಸಿಗಲಿಲ್ಲ. ಕೆಂಪು ನೀರು ಒಂದು ಸುತ್ತು ಸುತ್ತಿತು... ಅಷ್ಟೇ. ಕೂಗು ನಿಂತಿತು. ಗುಡಿಯ ಗಂಟೆ ಕೇಳಿಸುತ್ತಿತ್ತು."

ಸಹನ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಮಳೆ ಸ್ವಲ್ಪ ತಗ್ಗಿತ್ತು. ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿಕೊಂಡರು.

"ಪೊಲೀಸರು ಬಂದರು, ಈಜುವವರು ಬಂದರು. ಹೆಣ ಸಿಗಲಿಲ್ಲ. ಕಾಲು ಜಾರಿ ಬಿದ್ದಳು ಅಂತ ಎಲ್ಲರೂ ಅಂದರು, ನಾನೂ ಹೂಂ ಅಂದೆ. ಬೇರೆ ಏನು ಹೇಳಲಿ ರವೀಂದ್ರನಿಗೆ? ದರ್ಭೆಯಲ್ಲಿ ಬೊಂಬೆ ಮಾಡಿ ಸಂಸ್ಕಾರ ಮುಗಿಸಿದೆವು. ಶಿವಣ್ಣ ಗೈಡ್ ಕೆಲಸ ಬಿಟ್ಟು ಪಾಂಡವಪುರದಲ್ಲಿ ಟೀ ಅಂಗಡಿ ಹಾಕಿಕೊಂಡ.

"ಈ ಸಲ ಯುಗಾದಿ ಕಳೆದ ಮೇಲೆ ಆ ಶಿವಣ್ಣನೇ ನನಗೆ ಫೋನ್ ಮಾಡಿದ. 'ಮೇಷ್ಟ್ರೇ, ಬಂದೀಖಾನೇಲಿ ಒಬ್ಳು ಹೆಂಗ್ಸು ಕೂಸ್ ಇಡ್ಕಂಡು ಬಂದೋರ್ನೆಲ್ಲ ಕೇಳ್ತಾವ್ಳಂತೆ. ನಿಮ್ ಕಡೆ ಮಾತಂತೆ' ಅಂದ. ರವೀಂದ್ರ ಪಕ್ಕದಲ್ಲೇ ಇದ್ದ, ಕೇಳಿಸಿಕೊಂಡ. ಆಗ ಅವನಿಗೆ ಎಲ್ಲವನ್ನೂ ಹೇಳಲೇಬೇಕಾಯಿತು. ಮಾರನೇ ದಿನವೇ ಇಬ್ಬರೂ ಹೋದೆವು.

"ಬಿಸಿಲು ಚೆನ್ನಾಗಿತ್ತು. ಸ್ಕೂಲು ಮಕ್ಕಳು ಬಂದು ಗಲಾಟೆ ಮಾಡಿ ಹೋದರು. ಆಮೇಲೆ ಬಂದೀಖಾನೆ ಖಾಲಿಯಾಯಿತು. ಗೋಡೆಯ ಪಕ್ಕ ನಿಂತಿದ್ದಳು... ಅವತ್ತು ಉಟ್ಟಿದ್ದ ಅದೇ ನೀಲಿ ಸೀರೆ. ಅಂಚು ಒದ್ದೆ. ಎದೆಯ ಮೇಲೆ ಕೂಸು. 'ಪಮ್ಮೀ' ಅಂತ ಕರೆದೆ. ಚಿಕ್ಕಂದಿನಲ್ಲಿ ನಾನು ಕರೆಯುತ್ತಿದ್ದ ಹೆಸರು. ತಲೆ ಎತ್ತಿದಳು. 'ಅಣ್ಣಾ' ಅಂದಳು.

"ನನ್ನ ಜೀವ ಹೋಗಿ ಬಂತು ನೋಡಿ. ಗುರುತು ಹಿಡಿದಳು, ನನ್ನ ತಂಗಿ ನನ್ನ ಗುರುತು ಹಿಡಿದಳು ಅಂದುಕೊಂಡೆ. ಆಮೇಲೆ ಅವಳ ಕಣ್ಣನ್ನು ನೋಡಿದೆ. ಅವಳು ನನ್ನನ್ನು ನೋಡುತ್ತಲೇ ಇರಲಿಲ್ಲ. ರವೀಂದ್ರನನ್ನು ನೋಡುತ್ತಿದ್ದಳು. ಒಂದೇ ಸೂರಿನ ಕೆಳಗೆ ಬಾಳಿ ಬದುಕಿದ ಗಂಡನ ಮುಂದೆ ನಿಂತು, 'ಅಣ್ಣಾ... ಒಸಿ ಇಡ್ಕಳಣ್ಣಾ, ನೀರ್ ಕುಡ್ದು ಬಂದ್ಬುಡ್ತೀನಿ' ಅಂದಳು.

"ಅವಳ ತುಟಿ ಒಣಗಿ ಬಿರಿದಿತ್ತು. ತೋಳು ನಡುಗುತ್ತಿತ್ತು. ರವೀಂದ್ರ ಕೈ ಚಾಚಿದ. ನಾನು ಅವನನ್ನು ಸೊಂಟ ಹಿಡಿದು ಎಳೆದುಕೊಂಡು ಮೆಟ್ಟಿಲು ಹತ್ತಿಸಿದೆ. ಊರಿಗೆ ಬಂದು ಜಗಲಿಯ ಮೇಲೆ ಕೂತ ಮೇಲೆ ಅವನು ಒಂದೇ ಮಾತು ಕೇಳಿದ. 'ಭಾವ, ಅವ್ಳು ಇನ್ನೂ ಎಷ್ಟ್ ದಿನ ಹೊತ್ಕಂಡಿರ್ಬೇಕು?'"

ಕುಳ್ಳಯ್ಯ ಕೋಳಿಬುಟ್ಟಿಯನ್ನು ಕಾಲಿನ ಹತ್ತಿರ ಎಳೆದುಕೊಂಡು ಮೆಲ್ಲಗೆ ಕೇಳಿದ, "ರವೀಂದ್ರಣ್ಣ ಮನೇಲವ್ರಾ ಮೇಷ್ಟ್ರೇ? ಬೆಳಿಗ್ಗೆಯಿಂದ ಕಂಡೇ ಇಲ್ಲ."

ಮೇಷ್ಟ್ರು ಉತ್ತರ ಕೊಡುವ ಮೊದಲೇ ದೂರದಲ್ಲಿ ರೈಲು ಕೂಗಿತು. ಮಳೆಯ ತೆರೆಯ ಹಿಂದೆ ಹಳದಿ ಬೆಳಕೊಂದು ಮೂಡಿ ದೊಡ್ಡದಾಗತೊಡಗಿತು. ಅವರು ಕೊಡೆಯೂರಿ ಎದ್ದು ನಿಂತರು.

"ಬೆಳಗಿನ ರೈಲಿಗೆ ಹೋದ," ಎಂದರು. "ಕೂಸಿಗೆ ಅಂತ ಹೊಸದೊಂದು ಕುಲಾವಿ ತೆಗೆದುಕೊಂಡು ಹೋದನಂತೆ. ನನಗೆ ಹೇಳಲಿಲ್ಲ, ನಾಗಮಂಗಲದ ಮಗಳಿಗೂ ಹೇಳಲಿಲ್ಲ. ವಾಪಸ್ಸು ಬರುವುದಾದರೆ ಇದೇ ರೈಲಿಗೆ ಬರಬೇಕು."

ರೈಲು ಬಂದು ನಿಂತಿತು. ನಾವು ಹತ್ತಬೇಕಾಗಿತ್ತು. ಆದರೆ ನಾನಾಗಲೀ ಸಹನಳಾಗಲೀ ಬೆಂಚು ಬಿಟ್ಟು ಏಳಲಿಲ್ಲ. ಮೇಷ್ಟ್ರು ಮಳೆಯಲ್ಲೇ ಎರಡು ಹೆಜ್ಜೆ ಮುಂದೆ ಹೋಗಿ, ನಮ್ಮ ಕಡೆಗೆ ತಿರುಗಿದರು.

"ರವೀಂದ್ರ ಇಳಿದರೆ ಸರಿ," ಎಂದರು. "ಅವನ ಬದಲು ನನ್ನ ತಂಗಿ ಇಳಿದುಬಿಟ್ಟರೆ... ಭಾನುವಾರ ನೀವು ಅಲ್ಲಿಗೆ ಹೋದಾಗ, ಕೂಸು ಹಿಡಿದುಕೊಂಡು ಗಂಡಸೊಬ್ಬ ನಿಂತಿರುತ್ತಾನೆ."