ನರಕದ ಹಾಳೆ

ಬಸ್ಸಿನಲ್ಲಿ ಮುಂದಿನ ಸೀಟಿನ ಲಾಂಡ್ರಿ ಹೆಂಗಸರ ಪಿಸುಮಾತಿಗೆ ದರ್ಜಿಯವಳು ಕಿವಿಗೊಟ್ಟಳು.

“ಸಂಶೋಧನೆಗೆ ಅಂತ ಆ ಕಲಾವಿದೆ ಎರಡು ಹಾಳೆ ಕೊಟ್ಟಳಲ್ಲ, ಏನ್ ಬರೆದೆ?” ಎಂದಳು ಹಿರಿಯಳು.

“ಒಂದರಲ್ಲಿ ನಮ್ಮ ಲಾಂಡ್ರಿ ಸ್ವರ್ಗ ಆದ್ರೆ ಹೇಗಿರುತ್ತೆ ಅಂತ. ಇನ್ನೊಂದರಲ್ಲಿ ನರಕ. ಕಿಟಕಿಗೆಲ್ಲ ಇಟ್ಟಿಗೆ ಕಟ್ಟಿ, ಹೊತ್ತೇ ಗೊತ್ತಾಗದ ಹಾಗೆ ದುಡಿಸ್ತಾರೆ ಅಂತ.”

“ಇವತ್ತು ಮ್ಯಾನೇಜರು ಕಿಟಕಿ ಅಳೀತಿದ್ದ.”

“ಪರದೆಗಿರಬೇಕು ಬಿಡೇ.”

“ಜೊತೆಗೆ ಗಾರೆಯವನೂ ಇದ್ದ ಕಣೇ. ಆ ಹಾಳೆ ಅವನ ಕೈಗೆ ಸಿಕ್ಕಿರಬೇಕು. ಕಳ್ಳನ ಕೈಗೆ ಕೀಲಿ ಕೊಟ್ಟ ಹಾಗಾಯ್ತು.”

ಕಿರಿಯಳು ತಡವರಿಸಿದಳು. “ಸ್ವರ್ಗದ ಹಾಳೇಲಿ ಕಿಟಕಿ ದೊಡ್ಡದಾಗಿರುತ್ತೆ ಅಂತ ಬರೆದಿದ್ದೆ. ಅದನ್ನ ಓದಿರಬಹುದಲ್ಲ?”

“ಅದನ್ನ ಓದೋ ಮುಖವೇನೇ ಅದು? ನಡಿ, ಸ್ಟಾಪ್ ಬಂತು.”

ಇಬ್ಬರೂ ಇಳಿದುಹೋದರು. ಅದೇ ಕಲಾವಿದೆ ತನಗೂ ಕೊಟ್ಟಿದ್ದ ಎರಡು ಖಾಲಿ ಹಾಳೆಗಳನ್ನು ದರ್ಜಿಯವಳು ಬ್ಯಾಗಿನ ತಳಕ್ಕೆ ತುರುಕಿ ಜಿಪ್ ಎಳೆದಳು.