ಒಪ್ಪತ್ತಿನ ದಿನದ ಮಾತ್ರೆ

ನೆಲಮಂಗಲದ ಬಸ್ ನಿಲ್ದಾಣದಲ್ಲಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದ ಭಾನುಪ್ರಿಯಾಳ ಕಿವಿಗೆ ಪಕ್ಕದ ಬೆಂಚಿನ ಮಾತು ಬಿತ್ತು. ಆಸ್ಪತ್ರೆಯ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡಿದ್ದ ಪಾಪಮ್ಮನನ್ನು ನಾದಿನಿ ಕದಿರಮ್ಮ ವಿಚಾರಿಸುತ್ತಿದ್ದಳು.

"ಅಣ್ಣ ಹೆಂಗವ್ನೆ ಅತ್ತಿಗೆ?"

"ನೋವಿಗೆ ಗೋಡೆ ಗುದ್ದೋದು ಬಿಟ್ಟವ್ರೆ ಕಣೆ. ನಿನ್ನೆ ಮುದ್ದೆ ಕೇಳಿ ಉಂಡ್ರು."

"ಕ್ಯಾನ್ಸರ್ ಇಳೀತಾ?"

"ಅದು ಇಳಿಯಲ್ವಂತೆ. ನೋವು ಇಳಿಸ್ಬೋದು ಅಂದ್ರು ಆಸ್ಪತ್ರೆ ನರ್ಸಮ್ಮ. ಅವ್ರು ಗೋಡೆ ಗುದ್ದಂಗಾಗಿದ್ದು ನನ್ನ ತಪ್ಪಿಂದ್ಲೇ. ಶನಿವಾರ ಅವ್ರದ್ದು ಒಪ್ಪತ್ತಲ್ವಾ? ಹೊಟ್ಟೇಲಿ ಅನ್ನ ಇಲ್ಲ ಅಂತ ನೋವಿನ ಮಾರ್ಫಿನ್ ಮಾತ್ರೆನೂ ತಪ್ಪಿಸ್ತಿದ್ದೆ."

"ನರ್ಸಮ್ಮ ಬೈದ್ರಾ?"

"ನಕ್ರು. ಉಂಡ್ರೂ ಉಣ್ದಿದ್ರೂ ಗಂಟೆ ತಪ್ಪಿಸ್ಬೇಡಿ, ನೋವು ಬರೋಕೆ ಮುಂಚೆನೇ ಕೊಡಿ ಅಂದ್ರು. ನಾವೇ ಹೆಚ್ಚು ಕಮ್ಮಿ ಮಾಡಂಗಿಲ್ಲ. ಆ ಮಾತ್ರೆಗೆ ಮಲ ಕಟ್ಟದಂಗೆ ಬೇರೆ ಔಷಧಿ ಕೊಟ್ಟವ್ರೆ."

"ಚಟ ಹಿಡಿಯಲ್ವಾ?"

"ನಾನೂ ಅದನ್ನೇ ಕೇಳ್ದೆ. ನೋವಿಗೆ ಅಂತ ಹೇಳ್ದಷ್ಟೇ ಕೊಡೋವಾಗ ಆ ಭಯ ಬೇಡ ಅಂದ್ರು."

"ಹಂಗಾದ್ರೆ ನನ್ನ ಮಂಡಿಗೂ ಒಂದು ಕೊಡು."

"ಕೊಡಲ್ಲ. ಅವ್ರಿಗೆ ಔಷಧಿ ಆಗಿದ್ದು ನಿಂಗೆ ವಿಷ ಆಗ್ಬೋದು. ಅದಕ್ಕೇ ಬೀರುನಲ್ಲಿಟ್ಟು ಬೀಗ ಹಾಕ್ತೀನಿ. ನೀನು ಎಳ್ಳೆಣ್ಣೆ ತಿಕ್ಕೊ."

"ಜಿಪುಣಿ."

"ಆಗ್ಲಿ ಬಿಡು."

ದೊಡ್ಡಬಳ್ಳಾಪುರದ ಬಸ್ಸು ಬಂತು. ಇಬ್ಬರೂ ಎದ್ದರು. ಕದಿರಮ್ಮ ಅತ್ತಿಗೆಯ ಚೀಲ ತಾನೇ ಎತ್ತಿಕೊಂಡಳು.

"ನೀನೂ ವಸಿ ಮಲಗ್ತಿದ್ದೀಯಾ ಅತ್ತಿಗೆ?"

"ಮಲಗ್ದೆ ಏನು? ನನ್ನ ಗೊರಕೆಗೇ ಎಚ್ಚರ ಆಯ್ತು ಅಂತ ಬೆಳಿಗ್ಗೆ ಬೈದ್ರು ನಿಮ್ಮಣ್ಣ."

ನಗುತ್ತಲೇ ಇಬ್ಬರೂ ಬಸ್ಸು ಹತ್ತಿದರು.