ಹತ್ತೊಂಬತ್ತು ಸಂಜೆಗಳು

"ಹಲೋ… ಹಲೋ, ಯಾರು ಮಾತಾಡ್ತಿರೋದು?… ಹಾಂ?… ಸ್ವಲ್ಪ ಜೋರಾಗಿ ಹೇಳಿ, ಈ ಕಿವಿ ಅಷ್ಟಕ್ಕಷ್ಟೇ."

ತಿದ್ದಪ್ಪನವರು ಫೋನನ್ನು ಬಲಗಿವಿಯಿಂದ ಎಡಗಿವಿಗೆ ಬದಲಾಯಿಸಿದರು. ಅದು ಅವರ ನಿಜವಾದ ಹೆಸರಲ್ಲ. ಮೂವತ್ತನಾಲ್ಕು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದ್ದಕ್ಕೆ ಅಲ್ಲಿಯವರು ಇಟ್ಟ ಹೆಸರು. ನಿವೃತ್ತಿಯಾದರೂ ಅದು ಬೆನ್ನು ಬಿಟ್ಟಿರಲಿಲ್ಲ.

"…ಇಲ್ಲಮ್ಮ, ನಿಮಗಲ್ಲ ಅಂದದ್ದು. ನಮ್ಮಕ್ಕ. ಅಡುಗೆಮನೆಯಿಂದ ಕೂಗ್ತಿದಾಳೆ, ಬ್ಯಾಂಕಿನವರಾದ್ರೆ ನಂಬರ್ ಹೇಳಬೇಡ ಅಂತ. ಅಕ್ಕಾ, ಬ್ಯಾಂಕಿನವರಲ್ಲ! ಯಾರೋ ಹುಡುಗಿ!… ಅಯ್ಯೋ, ಹಾಗಂದ್ರೆ ಇನ್ನೂ ಗಾಬರಿಯಾಗ್ತಾಳೆ. ಇರಲಿ, ನೀವು ಹೇಳಿ."

"…ಸಂಶೋಧನೆ ಮಾಡ್ತಿದೀರಾ? ಸಂತೋಷ… ಹೌದು. ಅವಳು ನನ್ನ ಮಗಳೇ… ಭಂಡಾರದಲ್ಲಿ ನನ್ನ ನಂಬರ್ ಸಿಕ್ತಾ? ಹಾಂ, ನಾನೇ ಕೊಟ್ಟಿದ್ದು. ಅವಳ ನಂಬರಿಗೆ ಮಾಡಿದ್ರೆ ಯಾರು ತಗೋತಾರೆ ಹೇಳಿ… ಮೂರು ವರ್ಷ ಆಯ್ತು… ಪರವಾಗಿಲ್ಲಮ್ಮ, ಪರವಾಗಿಲ್ಲ. ಎಲ್ಲರೂ ಹಾಗೇ ಅಂತಾರೆ."

ಮಗಳು ಓದಿದ ವಿಶ್ವವಿದ್ಯಾಲಯದ ಗ್ರಂಥಾಲಯದವರು ಕಂಪ್ಯೂಟರಿನಲ್ಲಿ ಒಂದು ಭಂಡಾರ ಇಟ್ಟಿದ್ದರು. ಅಲ್ಲಿಯವರು ಮಾಡಿದ ಕೆಲಸ ಯಾವುದಾದರೂ ಸರಿ, ಅಲ್ಲಿ ಸೇರುತ್ತಿತ್ತು. ಜಗತ್ತಿನ ಯಾವ ಮೂಲೆಯವರಾದರೂ ತೆರೆದು ಓದಬಹುದಿತ್ತು. ಮಗಳು ಹೋದ ಮೇಲೆ ಅವಳ ಕೆಲಸವನ್ನೆಲ್ಲ ಅಲ್ಲಿಗೆ ಒಪ್ಪಿಸಿದವರು ತಿದ್ದಪ್ಪನವರೇ. ದಿನವೂ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಅವರು ಆ ಪುಟವನ್ನು ತೆರೆದು ನೋಡುತ್ತಿದ್ದರು.

"…ನೋಡ್ತೀನಮ್ಮ, ದಿನಾ ನೋಡ್ತೀನಿ. ಎಂಥೆಂಥದು ಇದೆ ಅಲ್ಲಿ! ಪಟ್ಟಿಯಲ್ಲಿ ನಮ್ಮ ಹುಡುಗಿ ಕೆಲಸದ ಮೇಲ್ಗಡೆ ಇಟ್ಟಿಗೆ ಯಾಕೆ ಬಿರುಕು ಬಿಡುತ್ತೆ ಅಂತ ನಾನೂರು ಪುಟ ಬರೆದಿದಾನೆ ಒಬ್ಬ. ಕೆಳಗಡೆ ಕಿವಿ ಕೇಳದ ಮಕ್ಕಳು ಆಡೋದಕ್ಕೆ ಬರೆದ ನಾಟಕ. ಅದರ ಕೆಳಗೆ ಕೊಳಲಿಗೆ ಬರೆದ ಸಂಗೀತ. ಒಬ್ಬಳು ಬರೀ ಬಾಗಿಲ ಚಿಲಕಗಳ ಫೋಟೋ ಹಾಕಿದಾಳೆ, ಇನ್ನೂರು ಚಿಲಕ! ಅಲ್ವಾ?… ಹಾಂ, ನಗಬೇಡಿ, ಚೆನ್ನಾಗಿವೆ. ಇವರ ಮಧ್ಯ ನಮ್ಮವಳ ಬಾವಲಿಗಳು."

ಮಗಳು ಎರಡು ವರ್ಷ ದಿನವೂ ಮುಸ್ಸಂಜೆಗೆ ಹಳೆಯ ಸೇತುವೆಯ ಕೆಳಗೆ ಮಡಚುವ ಕುರ್ಚಿ ಹಾಕಿಕೊಂಡು ಕೂತು, ಕಮಾನಿನ ಬಿರುಕಿನಿಂದ ಹೊರಬೀಳುವ ಬಾವಲಿಗಳನ್ನು ಎಣಿಸಿದ್ದಳು. ಅವುಗಳ ಚಿತ್ರ ಬರೆದಿದ್ದಳು, ಕೂಗನ್ನು ಧ್ವನಿಮುದ್ರಿಸಿಕೊಂಡಿದ್ದಳು. ಭಂಡಾರದಲ್ಲಿ ಮೂರೂ ಇದ್ದವು. ಜನ ಹೆಚ್ಚಾಗಿ ಕೇಳುತ್ತಿದ್ದುದು ಎಣಿಕೆಯ ಪುಸ್ತಕವನ್ನು.

"…ಎಣಿಕೆಯಲ್ಲಿ ಏನು ಅನುಮಾನ?… ಯಾವ ತಿಂಗಳು?… ಎಷ್ಟನೇ ತಾರೀಕು ಅಂದ್ರಿ?"



"…ಹನ್ನೊಂದು. ಹನ್ನೊಂದನೇ ತಾರೀಕು ನಾನೂರ ಏಳು ಬಾವಲಿ. ಹೌದು, ಹಾಗೇ ಇದೆ… ಬಿರುಗಾಳಿನಾ? ಅವತ್ತು?… ಹವಾಮಾನ ಕಚೇರಿಯವರು ಹಾಗೆ ಬರೆದಿದಾರಾ? ಸಂಜೆ ಐದರಿಂದ ಎಂಟರವರೆಗೂ?… ಹಾಂ, ಹಾಂ. ಅಂಥ ಗಾಳಿಗೆ ಬಾವಲಿ ಹೊರಗೆ ಬರಲ್ಲ ಅಂತೀರಿ."

"…ಬಂದಿರಬಹುದಮ್ಮ. ಸೇತುವೆ ಕೆಳಗೆ ಗಾಳಿ ಕಮ್ಮಿ ಇತ್ತೇನೋ. ನಮ್ಮವಳು ಮಳೆ ಬರಲಿ ಬಿಸಿಲು ಬರಲಿ, ತಪ್ಪಿಸ್ತಿರಲಿಲ್ಲ. ಛತ್ರಿ ಹಿಡ್ಕೊಂಡು ಹೋಗಿ ಕೂರೋಳು… ಹಾಂ, ಅವತ್ತೂ ಹೋಗಿದ್ಲು."

ಮಾತು ಬಾಯಿಂದ ಬಿದ್ದ ಕೂಡಲೇ ಅವರ ಮುಖಕ್ಕೆ ರಕ್ತ ನುಗ್ಗಿತು. ಎಪ್ಪತ್ತೊಂದು ವರ್ಷದ ಮುಖ, ಬಿಸಿಯಾಗಿದ್ದು ಅವರಿಗೇ ತಿಳಿಯಿತು. ಅತ್ತ ಕಡೆಯ ಹುಡುಗಿ ಆ ಮಾತನ್ನು ನಂಬಿದಳು. ಅದನ್ನು ಸಹಿಸುವುದು ಇನ್ನೂ ಕಷ್ಟವಾಯಿತು.

"…ನಿಮ್ಮ ಮಾರ್ಗದರ್ಶಕರು ಏನಂತಾರೆ?… ಪೂರ್ತಿನಾ? ಎರಡು ವರ್ಷದ್ದೂ ಬಿಟ್ಟುಬಿಡು ಅಂತಾರಾ?… ಒಂದು ಕಡೆ ಸುಳ್ಳಿದ್ರೆ ಉಳಿದದ್ದನ್ನ ನಂಬೋದು ಹೇಗೆ ಅಂತ. ಹಾಂ… ಮತ್ತೆ ಭಂಡಾರದವರಿಗೂ ಬರೀತಾರಾ? ಏನಂತ?… 'ಎಣಿಸಿದವರು ಕಲ್ಪಿಸಿ ಬರೆದಿದ್ದಾರೆ' ಅಂತಾನಾ? ಅವಳ ಹೆಸರಿನ ಕೆಳಗೇನಾ?"

"…ಇಲ್ಲ, ಇಲ್ಲ. ಲೈನು ಕಡಿದು ಹೋಗಿಲ್ಲ. ಇಲ್ಲೇ ಇದೀನಿ."

"…ಅಕ್ಕಾ, ಸುಮ್ಮನಿರು ಸ್ವಲ್ಪ! ಯಾರೂ ದುಡ್ಡು ಕೇಳ್ತಿಲ್ಲ. ಬಾಗಿಲು ಹಾಕ್ಕೋ."

ಅಡುಗೆಮನೆಯ ಬಾಗಿಲು ಮುಚ್ಚುವವರೆಗೆ ಅವರು ಕಾದರು. ಇಳಿವಯಸ್ಸಿನಲ್ಲೂ ಅಕ್ಕನ ಎದುರಿಗೆ ತಪ್ಪು ಒಪ್ಪಿಕೊಳ್ಳುವುದು ಅವರಿಗೆ ಆಗದು.

"…ಅಮ್ಮಾ, ಒಂದು ಮಾತು. ಈಗ ಹೇಳಿದ್ನಲ್ಲ, ಅವತ್ತು ಅವಳು ಹೋಗಿದ್ಲು ಅಂತ. ಅದು ಸುಳ್ಳು… ಹಾಂ, ಸುಳ್ಳು. ಅವತ್ತು ಅವಳು ಆಸ್ಪತ್ರೆಯಲ್ಲಿದ್ಲು. ನಾಲ್ಕನೇ ತಾರೀಕಿಂದ ಇಪ್ಪತ್ತೆರಡರವರೆಗೆ ಹತ್ತೊಂಬತ್ತು ದಿನ. ಆಮೇಲೆ ಮನೆಗೆ ಬಂದು ಇನ್ನೆರಡು ತಿಂಗಳು ಎಣಿಸಿದ್ಲು… ಅಷ್ಟೇ."

"…ಹೌದು. ಆ ಹತ್ತೊಂಬತ್ತು ದಿನದ ಲೆಕ್ಕ ನಂದು. ನಾನು ಬರೆದದ್ದು."

"…ಹೇಗೆ ಅಂದ್ರೆ? ಅವಳ ಪುಸ್ತಕ ನೆನೆದು ಹಾಳಾಗಿತ್ತು. ಭಂಡಾರಕ್ಕೆ ಕೊಡೋದು ಅಂದವಾಗಿರಲಿ ಅಂತ ನಾನು ಶುದ್ಧ ಪ್ರತಿ ಮಾಡೋದಕ್ಕೆ ಕೂತೆ. ಹಿಂದಿನ ಪುಟ, ಮುಂದಿನ ಪುಟ ತುಂಬಾ ಅಂಕಿ, ಮಧ್ಯ ಅಷ್ಟು ಬಿಳಿ. ನನಗೆ ನೋಡೋಕಾಗಲಿಲ್ಲ ಕಣಮ್ಮ. ಮೂರನೇ ತಾರೀಕು ನಾನೂರ ಹದಿನೆಂಟು ಇತ್ತು, ಇಪ್ಪತ್ಮೂರಕ್ಕೆ ಮುನ್ನೂರ ಎಂಬತ್ತು. ದಿನಕ್ಕೆ ಹತ್ತಿರ ಹತ್ತಿರ ಎರಡೆರಡು ಇಳಿಸ್ತಾ ಬಂದೆ."

"…ದುಃಖದಲ್ಲಿ ಹಾಗಾಗುತ್ತೆ ಅಂತ ನೀವು ದೊಡ್ಡ ಮನಸ್ಸು ಮಾಡಿ ಹೇಳ್ತೀರಿ. ಪೂರ್ತಿ ಕೇಳಿ. ಒಂದೇ ಸಮ ಇಳಿದ್ರೆ ಯಾರಿಗಾದರೂ ಅನುಮಾನ ಬಂದೀತು ಅಂತ ಒಂದು ದಿನ ನಾಲ್ಕು ಹೆಚ್ಚು ಹಾಕಿದೆ, ಇನ್ನೊಂದು ದಿನ ಆರು ಕಮ್ಮಿ ಮಾಡಿದೆ. ಇದನ್ನ ದುಃಖ ಮಾಡಿಸಲ್ಲಮ್ಮ. ಇದು ಕಳ್ಳಬುದ್ಧಿ."

ಅತ್ತ ಕಡೆ ಹುಡುಗಿ ಮೆಲ್ಲಗೆ ಏನೋ ಕೇಳಿದಳು.

"…ಅವತ್ತು ಬಿರುಗಾಳಿ ಇದ್ದದ್ದು ಗೊತ್ತಿತ್ತಾ ಅಂತಾನಾ?… ಹೇಳ್ತೀನಿ. ಹನ್ನೊಂದರ ಸಂಜೆ ಆಸ್ಪತ್ರೆ ಕಿಟಕಿ ಬಡ್ಕೋತಿತ್ತು. ನರ್ಸಮ್ಮ ಬಂದು ಬಟ್ಟೆ ಕಟ್ಟಿ ಬಿಗಿದ್ಲು. ನಮ್ಮ ಹುಡುಗಿ ಮಲಗಿದ್ದೋಳು ಅಂದ್ಲು, 'ಅಪ್ಪಾ, ಇವತ್ತು ಅವು ಒಂದೂ ಹೊರಗೆ ಬಂದಿರಲ್ಲ' ಅಂತ. ಅವಳ ಬಾಯಲ್ಲೇ ಕೇಳಿದೀನಿ. ಬರೆಯುವಾಗ ನೆನಪಾಗಲಿಲ್ಲ ಅಂತ… ಇಲ್ಲ, ಅದೂ ಸುಳ್ಳೇ. ನೆನಪಾಯ್ತು. ಆದ್ರೂ ನಾನೂರ ಏಳು ಅಂತ ಬರೆದೆ."

"…ಬೇರೆಯವರನ್ನ ಕಳಿಸಿ ಲೆಕ್ಕ ಹಾಕಿಸಬಹುದಿತ್ತು, ನಿಜ. ನಾನೇ ಕೇಳಿದೆ, ನಾ ಹೋಗಿ ಕೂತ್ಕೊಳ್ಳಲಾ ಅಂತ. ನಕ್ಕುಬಿಟ್ಲು. 'ನೀನು ಎಣಿಸಲ್ಲಪ್ಪಾ, ಬಾವಲಿನ ನಿಲ್ಲಿಸಿ ತಿದ್ದಿ ಕಳಿಸ್ತೀಯ' ಅಂತ. ನರ್ಸಮ್ಮನೂ ನಕ್ಲು. ಆಮೇಲೆ ನಮ್ಮ ಹುಡುಗಿ ಅಂದ್ಲು, 'ನಾನು ನೋಡದ್ದು ಖಾಲಿ ಇರಲಿ' ಅಂತ… ಹಾಂ, ಅದೇ ಮಾತು. ಖಾಲಿ ಇರಲಿ."

"…ಅಳಬೇಡಿ ತಾಯಿ. ನೀವ್ಯಾಕೆ ಅಳ್ತೀರಿ? ನಿಮ್ಮ ಒಂದು ವರ್ಷದ ಕೆಲಸ ಕೆಡಿಸಿದೋನು ನಾನು… ನೀನು ಅನ್ನಲಾ? ಆಗಲಿ, ನೀನು ಅಂತೀನಿ."

ತಿದ್ದಪ್ಪನವರಿಗೆ ತಮ್ಮ ಸಹಿಯ ನೆನಪಾಯಿತು. ಶುದ್ಧ ಪ್ರತಿಯ ಕೊನೆಯ ಪುಟದಲ್ಲಿ, ಮುದ್ರಣಾಲಯದಲ್ಲಿ ಪ್ರತಿಯೊಂದು ಕರಡಿನ ಕೆಳಗೂ ಬರೆಯುತ್ತಿದ್ದಂತೆ, 'ಮೂಲದೊಂದಿಗೆ ಹೋಲಿಸಿ ನೋಡಲಾಗಿದೆ' ಎಂದು ಬರೆದು ಸಹಿ ಹಾಕಿದ್ದರು. ಕೆಲಸದಲ್ಲಿದ್ದಷ್ಟು ವರ್ಷ ಆ ಮಾತನ್ನು ಒಮ್ಮೆಯೂ ಸುಳ್ಳಾಗಿ ಬರೆದವರಲ್ಲ. ಬರೆದದ್ದು ಮಗಳ ಪುಸ್ತಕಕ್ಕೆ ಮಾತ್ರ.

"…ಮೂರು ವರ್ಷದಿಂದ ದೇವರ ಮುಂದೆ ಕೂತ್ರೆ ಕಣ್ಣ ಮುಂದೆ ಅವೇ ಅಂಕಿ. ಕ್ಷಮಿಸು ಅಂತ ಕೇಳೋದಕ್ಕೂ ನಾಚಿಕೆ. ತಿದ್ದಬಹುದಾದ ತಪ್ಪನ್ನ ತಿದ್ದದೆ ಕ್ಷಮಿಸು ಅಂದ್ರೆ ಅವನಾದರೂ ಏನಂದಾನು?… ಹೌದು, ಅವಳ ಮೂಲ ಪುಸ್ತಕ ಇದೆ. ಬೀರುವಿನಲ್ಲಿದೆ. ಹಾಳಾಯ್ತು ಅಂತ ಗ್ರಂಥಾಲಯದವರಿಗೆ ಹೇಳಿದ್ದೆ. ನೆನೆದಿದೆ, ಆದ್ರೆ ಅಕ್ಷರ ಕಾಣುತ್ತೆ. ಎಲ್ಲಾ ಕಾಣುತ್ತೆ."

"…ಭಂಡಾರದಲ್ಲಿರೋ ಹಳೇದನ್ನ ತೆಗೆಯೋಕೆ ಬರಲ್ವಾ? ಯಾಕೆ?… ಓದಿದವರು ಎಷ್ಟೋ ಜನ, ಅದನ್ನ ನಂಬಿ ಬರೆದವರಿದ್ದಾರೆ, ಹಾಂ. ಅಂದ್ರೆ ಅದೂ ಇರುತ್ತೆ, ಮೇಲೊಂದು ತಿದ್ದುಪಡಿ ಬರುತ್ತೆ. ಮೂಲ ಪುಸ್ತಕದ ಫೋಟೋ ಪಕ್ಕದಲ್ಲಿ… ನ್ಯಾಯ. ಅಳಿಸಿಹೋಗಲಿ ಅಂತ ಆಸೆ ಪಟ್ಟೆ ನೋಡು ಮತ್ತೆ. ನನ್ನದು ಎಂಥ ಮನಸ್ಸು."

"…ಒಬ್ಬರು ಆಗಲೇ ಲೇಖನ ಅಚ್ಚು ಮಾಡಿಸಿದಾರಾ? ಅವರ ವಿಳಾಸ ಕೊಡು. ನಾನೇ ಬರೀತೀನಿ. ನಿನ್ನ ಮಾರ್ಗದರ್ಶಕರಿಗೂ ಬರೀತೀನಿ. ಉಳಿದ ಏಳುನೂರು ದಿನದಲ್ಲಿ ಒಂದು ಅಂಕಿನೂ ನಾನು ಮುಟ್ಟಿಲ್ಲ, ಪುಸ್ತಕ ಇಟ್ಕೊಂಡು ಪರೀಕ್ಷೆ ಮಾಡಲಿ. ಅದೊಂದು ಉಳಿಯಬೇಕು ತಾಯಿ. ನನಗೇನಾದರೂ ಆಗಲಿ, ಅದು ಉಳಿಯಬೇಕು."

"…ಈಗಲೇನಾ? ನಾನು ಹೇಳ್ತಾ ಹೋಗ್ಲಾ, ನೀನು ಬರ್ಕೋತೀಯಾ? ಆಗಲಿ. ಬರ್ಕೋ."

ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತರು.

"…'ನಾಲ್ಕರಿಂದ ಇಪ್ಪತ್ತೆರಡನೇ ತಾರೀಕಿನವರೆಗಿನ ಹತ್ತೊಂಬತ್ತು ದಿನಗಳ ಎಣಿಕೆ ಸುಳ್ಳು. ಆ ದಿನಗಳಲ್ಲಿ ಸಂಶೋಧಕಿ ಎಣಿಸಲಿಲ್ಲ; ಅವರು ಆ ಜಾಗವನ್ನು ಖಾಲಿ ಬಿಟ್ಟಿದ್ದರು. ಆ ಅಂಕಿಗಳನ್ನು ಸೇರಿಸಿದವನು ನಾನು, ಅವರ ತಂದೆ.' ಆಯ್ತಾ? ಕೆಳಗೆ ನನ್ನ ಹೆಸರು… ಕಾರಣನಾ? ಕಾರಣ ಬೇಡಮ್ಮ… ಇಲ್ಲ, 'ದುಃಖದಿಂದ' ಅಂತ ಸೇರಿಸಬೇಡ. ಓದಿದೋರು ಅಯ್ಯೋ ಪಾಪ ಅಂತಾರೆ. ನನಗೆ ಅದು ಸಲ್ಲಲ್ಲ. ಹೊಡೆದುಹಾಕು ಆ ಪದನ."

"…ಪುಸ್ತಕದಲ್ಲಿ ಇರೋದನ್ನ ಓದಿ ಹೇಳಬೇಕಾ? ನಿನ್ನ ಪಟ್ಟಿ ಈಗಲೇ ಸರಿ ಮಾಡ್ಕೋತೀಯಾ?… ಇರು, ತರ್ತೀನಿ."

ಫೋನನ್ನು ಮೇಜಿನ ಮೇಲಿಟ್ಟು ಬೀರು ತೆರೆದರು. ಹಳೆ ಬಟ್ಟೆಯಲ್ಲಿ ಸುತ್ತಿದ್ದ ಪುಸ್ತಕವನ್ನು ಬಿಚ್ಚಿದರು. ಪುಟಗಳು ಒಣಗಿ ಸೆಟೆದುಕೊಂಡಿದ್ದವು. ತಾರೀಕುಗಳನ್ನು ಮಗಳು ತಿಂಗಳ ಮೊದಲ ದಿನವೇ ಸಾಲಾಗಿ ಬರೆದಿಟ್ಟಿದ್ದಳು. ಮೂರರ ನಂತರ ಇಪ್ಪತ್ತೆರಡರವರೆಗೆ ತಾರೀಕುಗಳ ಎದುರಿಗೆ ಏನೂ ಇರಲಿಲ್ಲ. ಶುದ್ಧ ಪ್ರತಿ ಮಾಡಿದ ಮೇಲೆ ಅವರು ಈ ಪುಟವನ್ನು ತೆರೆದಿರಲೇ ಇಲ್ಲ.

"…ಹಲೋ, ಇದೀಯಾ? ಓದ್ತೀನಿ. ಮೂರು, ನಾನೂರ ಹದಿನೆಂಟು. ನಾಲ್ಕು, ಖಾಲಿ. ಐದು, ಖಾಲಿ… ಹಾಂ, ಒಂದೊಂದಾಗೇ ಓದ್ತೀನಿ. ಒಟ್ಟಿಗೆ ಹೇಳಿದ್ರೆ ನನಗೆ ಹಗುರಾಗುತ್ತೆ, ಅದು ಬೇಡ. ಆರು, ಖಾಲಿ. ಏಳು, ಖಾಲಿ. ಎಂಟು. ಒಂಬತ್ತು. ಹತ್ತು, ಖಾಲಿ."

"…ಹನ್ನೊಂದು…"

"…ಇದೀನಮ್ಮ. ಹನ್ನೊಂದು, ಖಾಲಿ. ಬರ್ಕೊಂಡ್ಯಾ? ಹನ್ನೆರಡು, ಖಾಲಿ. ಹದಿಮೂರು, ಖಾಲಿ… ಲೈನಲ್ಲಿ ಏನೋ ಕರಕರ ಅಂತಿದೆ, ಕೇಳಿಸ್ತಿದೆಯಾ? ಹದಿನಾಲ್ಕು. ಹದಿನೈದು. ಹದಿನಾರು, ಖಾಲಿ. ಹದಿನೇಳು, ಖಾಲಿ. ಹದಿನೆಂಟು, ಖಾಲಿ. ಹತ್ತೊಂಬತ್ತು, ಖಾಲಿ. ಇಪ್ಪತ್ತು. ಇಪ್ಪತ್ತೊಂದು. ಇಪ್ಪತ್ತೆರಡು, ಖಾಲಿ."

"…ಇಪ್ಪತ್ಮೂರು, ಮುನ್ನೂರ ಎಂಬತ್ತು. ಕೈ ನಡುಗಿದೆ, ಎಂಟು ವಕ್ರವಾಗಿದೆ, ಆದ್ರೂ ಎಂಬತ್ತೇ. ಇದು ಅವಳೇ ಕೂತು ನೋಡಿದ್ದು ತಾಯಿ. ಇಲ್ಲಿಂದ ಮುಂದೆ ಎಲ್ಲಾ ಅವಳೇ ನೋಡಿ…"

ಲೈನು ಕಡಿದುಹೋಯಿತು.